ವಿದೇಶದ ದೊಡ್ಡ ಹೋಟೆಲಿಗೆ ಟ್ರಾವೆಲ್ ಅಡ್ವೈಸರ್ ಮೂಲಕ ಬುಕ್ ಮಾಡಿದರೆ ನಿಜಕ್ಕೂ ಲಾಭ ಇದೆಯಾ?

ಸಂಪಿಗೆ_ಮೈಸೂರು

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನ ಮದುವೆಯಾಗಿ ನಲವತ್ತು ವರ್ಷ ತುಂಬುತ್ತಿದೆ. ನಾನು, ತಮ್ಮ ಸೇರಿ ಅವರಿಬ್ಬರನ್ನು ಸಿಂಗಪುರಕ್ಕೆ ಕಳಿಸುತ್ತಿದ್ದೇವೆ. ಇಬ್ಬರೂ ಇದುವರೆಗೆ ದೇಶ ಬಿಟ್ಟು ಹೋದವರಲ್ಲ. ಮೂರು ರಾತ್ರಿಯಾದರೂ ಒಳ್ಳೆಯ ಹೋಟೆಲಿನಲ್ಲಿ ಆರಾಮಾಗಿ ಇರಲಿ ಅಂತ ಆಸೆ.

ಹೋಟೆಲಿನ ವೆಬ್‌ಸೈಟಿನಲ್ಲಿ ರಾತ್ರಿಗೆ 520 ಸಿಂಗಪುರ ಡಾಲರ್ ಇದೆ. ಸರ್ವಿಸ್ ಚಾರ್ಜ್, ತೆರಿಗೆ ಬೇರೆ. ಬೆಂಗಳೂರಿನ ಅಡ್ವೈಸರ್ ಒಬ್ಬರು ಕೂಡ ಅದೇ 520 ಹೇಳಿದ್ದಾರೆ. ಆದರೆ ಅವರ ಮೂಲಕ ಹೋದರೆ ದಿನಾ ಇಬ್ಬರಿಗೆ ತಿಂಡಿ, ಹೋಟೆಲಿನೊಳಗೆ ಖರ್ಚು ಮಾಡಲು 100 ಅಮೆರಿಕನ್ ಡಾಲರ್ ಕ್ರೆಡಿಟ್, ಖಾಲಿ ಇದ್ದರೆ ಮೇಲಿನ ದರ್ಜೆಯ ರೂಮು, ಬೇಗ ಚೆಕ್ ಇನ್, ತಡವಾಗಿ ಚೆಕ್ ಔಟ್, ಇಷ್ಟೂ ಸೇರುತ್ತದಂತೆ. ಬುಕಿಂಗ್ ಆ್ಯಪ್ ಒಂದರಲ್ಲಿ ಅದೇ ರೂಮು 460ಕ್ಕೆ ಕಾಣುತ್ತಿದೆ. ಅದರಲ್ಲಿ ತಿಂಡಿ ಇಲ್ಲ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ.

ಅಡ್ವೈಸರ್ ನಮ್ಮಿಂದ ಒಂದು ರೂಪಾಯಿ ಫೀಸೂ ಕೇಳಿಲ್ಲ. ನನಗೆ ಅದೇ ಅನುಮಾನ. ಈ ಸವಲತ್ತುಗಳು ನಿಜವಾಗಿ ಕೈಗೆ ಸಿಗುತ್ತವಾ? ಅಪ್ಪ ಅಮ್ಮ ಮೊಟ್ಟೆ ಕೂಡ ತಿನ್ನುವುದಿಲ್ಲ ಅನ್ನುವುದನ್ನೂ ಗಮನದಲ್ಲಿಟ್ಟು ಹೇಳಿ.

ಹೆಬ್ಬಾಳ್_ಹುಡುಗ

ಮೇಡಂ, ಫೀಸು ಕೇಳದಿರುವುದಕ್ಕೆ ಕಾರಣ ಇದೆ. ಹೋಟೆಲಿನವರು ಅವರಿಗೆ ಕಮಿಷನ್ ಕೊಡುತ್ತಾರೆ, ಸಾಮಾನ್ಯವಾಗಿ ರೂಮಿನ ಬಾಡಿಗೆಯ ಶೇ 10ರಷ್ಟು. ನಿಮ್ಮ ಮೂರು ರಾತ್ರಿಯ 1,560 ಡಾಲರ್ ಬಾಡಿಗೆಗೆ 156 ಡಾಲರ್ ಆಯಿತು. ಆ್ಯಪ್‌ಗಳಿಗೂ ಹೋಟೆಲಿನವರು ಕಮಿಷನ್ ಕೊಡುತ್ತಾರೆ, ಅದು ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ. ಹಾಗಾಗಿ ಅಡ್ವೈಸರ್ ಮೂಲಕ ಬಂದವರಿಗೆ ತಿಂಡಿ ಕೊಟ್ಟರೂ ಹೋಟೆಲಿಗೆ ಗಿಟ್ಟುತ್ತದೆ.

ಸವಲತ್ತು ಕೊಡುವುದು ಹೋಟೆಲು, ಅಡ್ವೈಸರ್ ಅಲ್ಲ. ಅದಕ್ಕೆ ಅಡ್ವೈಸರ್ ಯಾವುದಾದರೂ ಜಾಲದಲ್ಲಿ ಸದಸ್ಯರಾಗಿರಬೇಕು. ವರ್ಚುಯೋಸೊ ಅಂತ ಅಮೆರಿಕದ ಒಂದು ದೊಡ್ಡ ಜಾಲ ಇದೆ. ಒಂದೊಂದು ಹೋಟೆಲ್ ಬಳಗಕ್ಕೂ ತನ್ನದೇ ಏರ್ಪಾಡು ಇದೆ. ಫೋರ್ ಸೀಸನ್ಸ್‌ನದು ಪ್ರಿಫರ್ಡ್ ಪಾರ್ಟ್‌ನರ್, ಹಯಾತ್‌ನದು ಪ್ರಿವೇ, ಮ್ಯಾರಿಯಟ್‌ನದು ಸ್ಟಾರ್ಸ್. ಹೆಸರು ಬೇರೆ ಬೇರೆ, ಕೊಡುವುದು ಹೆಚ್ಚು ಕಮ್ಮಿ ಒಂದೇ: ಇಬ್ಬರಿಗೆ ತಿಂಡಿ, 100 ಡಾಲರ್ ಆಸುಪಾಸಿನ ಕ್ರೆಡಿಟ್, ಸಾಧ್ಯವಾದರೆ ಅಪ್‌ಗ್ರೇಡ್. ಹಯಾತ್, ಮ್ಯಾರಿಯಟ್‌ನಂಥ ಕಡೆ ಹೀಗೆ ಬುಕ್ ಮಾಡಿದರೆ ನಿಮ್ಮ ಸದಸ್ಯತ್ವದ ಪಾಯಿಂಟ್ಸ್ ಕೂಡ ಬರುತ್ತವೆ. ಹೊರಗಿನ ಆ್ಯಪ್‌ನಲ್ಲಿ ಬುಕ್ ಮಾಡಿದರೆ ಸಾಮಾನ್ಯವಾಗಿ ಬರುವುದಿಲ್ಲ. ಫೋರ್ ಸೀಸನ್ಸ್‌ನಲ್ಲಿ ಪಾಯಿಂಟ್ಸ್ ಪದ್ಧತಿಯೇ ಇಲ್ಲ. ಅಲ್ಲಿ ಏನಾದರೂ ಹೆಚ್ಚಿನದು ಬೇಕು ಅಂದರೆ ಈ ದಾರಿಯೇ ಗತಿ.

ಗುತ್ತಲು_ರಸ್ತೆ

ಮಂಡ್ಯದಿಂದ ಒಂದು ಮಾತು. ಪುಗಸಟ್ಟೆ ಅಂತ ಯಾವುದೂ ಬರುವುದಿಲ್ಲ. ಆ್ಯಪ್‌ನಲ್ಲಿ 60 ಡಾಲರ್ ಕಡಿಮೆ ಇದೆ ಅಂದರೆ ಆ ತಿಂಡಿಯ ದುಡ್ಡನ್ನು ನೀವೇ ಕೊಡುತ್ತಿದ್ದೀರಿ ಅಂತಲೇ ಲೆಕ್ಕ.

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು. ಈ ತಿಂಡಿ ಒಂದು ರೂಮಿಗೆ ಇಬ್ಬರಿಗೆ ಮಾತ್ರ. ಮಕ್ಕಳ ತಿಂಡಿಗೆ ಬೇರೆ ಬಿಲ್ಲು ಹಾಕುವ ಹೋಟೆಲುಗಳು ಬೇಕಾದಷ್ಟಿವೆ. ದೊಡ್ಡ ಹೋಟೆಲಿನಲ್ಲಿ ಎರಡು ರೂಮು ತಗೊಳ್ಳುವ ಬದಲು ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟ್ ತಗೊಂಡರೆ ಅರ್ಧ ಖರ್ಚಿನಲ್ಲಿ ಆಗುತ್ತದೆ. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ ಸಾರು ನಾವೇ ಮಾಡಿಕೊಳ್ಳುತ್ತೇವೆ. ಮಕ್ಕಳ ಹೊಟ್ಟೆಯೂ ಸರಿಯಾಗಿರುತ್ತದೆ.

ಸರಸ್ವತಿಪುರಂ_ಲೆಕ್ಕ

ಇಬ್ಬರೂ ಹೇಳಿದ್ದು ಸರಿ. ಆದರೆ ಅಂಕಿ ಹಾಕದೆ ತೀರ್ಮಾನ ಆಗುವುದಿಲ್ಲ. ಸಂಪಿಗೆ ಅವರು ಕೊಟ್ಟ ದರ ಇಟ್ಟುಕೊಂಡೇ ನೋಡೋಣ.

ಸಿಂಗಪುರದಲ್ಲಿ ಬಾಡಿಗೆಯ ಮೇಲೆ ಶೇ 10 ಸರ್ವಿಸ್ ಚಾರ್ಜ್. ಅದೆರಡೂ ಸೇರಿದ ಮೊತ್ತದ ಮೇಲೆ ಶೇ 9 ಜಿಎಸ್‌ಟಿ (2024ರ ಜನವರಿಯಿಂದ 9 ಆಗಿದೆ). ಅಂದರೆ ತೋರಿಸಿದ ದರಕ್ಕೆ ಹತ್ತಿರ ಹತ್ತಿರ ಶೇ 20 ಸೇರಿಸಿಕೊಳ್ಳಬೇಕು. ಮೆನುವಿನಲ್ಲಿ, ದರಪಟ್ಟಿಯಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇರುತ್ತದಲ್ಲ, ಅದು ಇದೇ.

ಅಡ್ವೈಸರ್ ದರ: 520ರಂತೆ ಮೂರು ರಾತ್ರಿ, ಎಲ್ಲ ಸೇರಿ ಸುಮಾರು 1,870 ಸಿಂಗಪುರ ಡಾಲರ್.
ಆ್ಯಪ್ ದರ: 460ರಂತೆ ಮೂರು ರಾತ್ರಿ, ಎಲ್ಲ ಸೇರಿ ಸುಮಾರು 1,655.
ವ್ಯತ್ಯಾಸ 215ರ ಹತ್ತಿರ.

ಈಗ ಸವಲತ್ತು. ಇಂಥ ಹೋಟೆಲಿನಲ್ಲಿ ತಿಂಡಿಯ ಬಫೆ ತಲೆಗೆ 48 ಪ್ಲಸ್ ಪ್ಲಸ್ ಅಂದುಕೊಳ್ಳಿ. ಇಬ್ಬರಿಗೆ ದಿನಕ್ಕೆ 115, ಮೂರು ದಿನಕ್ಕೆ 345. ನೂರು ಅಮೆರಿಕನ್ ಡಾಲರ್ ಅಂದರೆ ಅಲ್ಲಿ ಸುಮಾರು 130. ಒಟ್ಟು 475. ಅಡ್ವೈಸರ್ ತೋರಿಸುವ ಲೆಕ್ಕ ಇದು. ಸುಳ್ಳಲ್ಲ, ಆದರೆ ನಿಮ್ಮ ಲೆಕ್ಕ ಇದಲ್ಲ.

ನಿಮ್ಮ ಅಪ್ಪ ಅಮ್ಮ ಈ ಸವಲತ್ತು ಇಲ್ಲದಿದ್ದರೆ ಬೆಳಿಗ್ಗೆ ಏನು ಮಾಡುತ್ತಿದ್ದರು ಅಂತ ಯೋಚಿಸಿ. ಮೊಟ್ಟೆ ತಿನ್ನದವರು 115 ಡಾಲರ್ ಕೊಟ್ಟು ಬಫೆಗೆ ಕೂರುತ್ತಿರಲಿಲ್ಲ, ಅಲ್ವಾ? ಸೆರಂಗೂನ್ ರಸ್ತೆಗೆ ಹೋಗುತ್ತಿದ್ದರು. ಅಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಇದೆ. ನಮ್ಮ ಎಂಟಿಆರ್ ಕೂಡ ಅದೇ ರಸ್ತೆಯಲ್ಲಿದೆ. ಇಬ್ಬರಿಗೆ ಇಡ್ಲಿ, ದೋಸೆ, ಕಾಫಿ ಸೇರಿ 30 ಡಾಲರ್ ಅಂತ ಇಟ್ಟುಕೊಳ್ಳೋಣ. ಮೂರು ದಿನಕ್ಕೆ 90. ಆದ್ದರಿಂದ ಆ ತಿಂಡಿಯ ಬೆಲೆ ನಿಮ್ಮ ಪಾಲಿಗೆ 345 ಅಲ್ಲ, 90.

ಕ್ರೆಡಿಟ್‌ಗೂ ಇದೇ ನಿಯಮ. ಹೇಗೂ ಮಾಡುತ್ತಿದ್ದ ಖರ್ಚಿಗೆ ಬಳಸಿದರೆ ಪೂರ್ತಿ 130. ಸುಮ್ನೆ ಮುಗಿಸಬೇಕು ಅಂತ ಏನೋ ತಗೊಂಡರೆ ಅದರ ಬೆಲೆ ಇಳಿದು ಹೋಗುತ್ತದೆ. ಪೂರ್ತಿಯೇ ಹಿಡಿದರೂ 90 ಮತ್ತು 130 ಸೇರಿ 220. ವ್ಯತ್ಯಾಸ 215 ಇತ್ತು. ಸರಿಸಮ!

ಹಾಗಾದರೆ ಯಾವುದು? ನಾನಾದರೆ ಅಡ್ವೈಸರ್ ಕಡೆ ಹೋಗುತ್ತೇನೆ. ಕಾರಣ ತಿಂಡಿ ಅಲ್ಲ, ಕ್ಯಾನ್ಸಲ್ ಮಾಡುವ ಅವಕಾಶ. ನಮ್ಮ ಪಾಸ್‌ಪೋರ್ಟಿಗೆ ಸಿಂಗಪುರದ ವೀಸಾ ಬೇಕೇ ಬೇಕು. ವಯಸ್ಸಾದವರು, ಹೊರಡುವ ಹೊತ್ತಿಗೆ ಒಂದು ಜ್ವರ ಬಂದರೂ ಪ್ರವಾಸ ಮುಂದೂಡಬೇಕಾಗುತ್ತದೆ. ಆ್ಯಪ್‌ನ 1,655 ಡಾಲರ್ ಆಗ ಪೂರ್ತಿ ಹೋಗುತ್ತದೆ. ರೂಪಾಯಿಯಲ್ಲಿ ಅದು ಒಂದು ಲಕ್ಷದ ಮೇಲೆ.

ಗುತ್ತಲು_ರಸ್ತೆ

ಸರ್, ಒಪ್ಪಿದೆ. ಕ್ಯಾನ್ಸಲ್ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಆದರೂ ನೂರು ಡಾಲರ್ ಕ್ರೆಡಿಟ್ ದಿನಕ್ಕಾ, ಪೂರ್ತಿ ಪ್ರವಾಸಕ್ಕಾ?

ಟಿಕೆಟ್_ಟೇಬಲ್

ಒಂದು ವಾಸ್ತವ್ಯಕ್ಕೆ ಒಂದು ಸಲ. ದಿನಕ್ಕಲ್ಲ. ಒಂದು ರಾತ್ರಿ ಇದ್ದರೂ ಅಷ್ಟೇ, ಏಳು ರಾತ್ರಿ ಇದ್ದರೂ ಅಷ್ಟೇ. ಅದಕ್ಕೇ ಎರಡು ಮೂರು ರಾತ್ರಿಯ ವಾಸ್ತವ್ಯಕ್ಕೆ ಇದು ಚೆನ್ನಾಗಿ ಕೂಡಿ ಬರುತ್ತದೆ. ಹತ್ತು ರಾತ್ರಿ ಇದ್ದರೆ ಆ ನೂರು ಕಾಣುವುದೇ ಇಲ್ಲ. ಒಂದೇ ವಾಸ್ತವ್ಯವನ್ನು ಎರಡು ಬುಕಿಂಗ್ ಮಾಡಿ ಎರಡು ಕ್ರೆಡಿಟ್ ಪಡೆಯೋಣ ಅಂತ ಕೆಲವರು ಕೇಳುತ್ತಾರೆ. ಹೋಟೆಲಿನವರು ಅದನ್ನು ಒಂದೇ ಅಂತ ಹಿಡಿಯುತ್ತಾರೆ.

ನಾನು ಮೈಸೂರಿನಲ್ಲೇ ಟ್ರಾವೆಲ್ಸ್ ಒಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ಹೆಚ್ಚಾಗಿ ಟಿಕೆಟ್, ವೀಸಾ ಕೆಲಸ. ದೊಡ್ಡ ಹೋಟೆಲಿಗೆ ಬೆಂಗಳೂರು, ಮುಂಬೈಯವರ ಮೂಲಕ ಹೋಗುತ್ತೇವೆ. ಒಳಗಿನ ಕೆಲವು ವಿಷಯ ಹೇಳುತ್ತೇನೆ, ಸಂಪಿಗೆ ಅಕ್ಕನಿಗೆ ಉಪಯೋಗ ಆಗಬಹುದು.

ಅಪ್‌ಗ್ರೇಡ್ ಅನ್ನುವುದು ಮದುವೆ ಮನೆಯ ಕೊನೆ ಪಂಕ್ತಿ ಇದ್ದ ಹಾಗೆ. ಉಳಿದದ್ದನ್ನು ಬಡಿಸುತ್ತಾರೆ. ಹೋಟೆಲಿನವರು ಮೊದಲು ದುಡ್ಡು ಕೊಟ್ಟು ಮೇಲಿನ ರೂಮು ತಗೊಂಡವರಿಗೆ ಕೊಡುತ್ತಾರೆ, ಆಮೇಲೆ ತಮ್ಮ ಹಳೆಯ ದೊಡ್ಡ ಸದಸ್ಯರಿಗೆ. ನಂತರ ನಮ್ಮ ಗಿರಾಕಿಗಳ ಪಾಳಿ. ಸಿಂಗಪುರದಲ್ಲಿ ಫಾರ್ಮುಲಾ ಒನ್ ರೇಸ್ ನಡೆಯುವ ವಾರ ಅಪ್‌ಗ್ರೇಡ್ ಮಾತೇ ಎತ್ತಬೇಡಿ. ಹೋಟೆಲುಗಳು ತುಂಬಿರುತ್ತವೆ, ದರವೂ ಆಕಾಶದಲ್ಲಿ. ಸಿಕ್ಕಿದರೂ ಒಂದು ದರ್ಜೆ ಮೇಲಕ್ಕೆ ಅಷ್ಟೇ, ಅಂದರೆ ಅದೇ ರೂಮು ಇನ್ನೂ ಎತ್ತರದ ಮಹಡಿಯಲ್ಲಿ ಅಥವಾ ಸಮುದ್ರದ ಕಡೆ ಮುಖ ಮಾಡಿ. ಹಾಗಾಗಿ ಲೆಕ್ಕ ಹಾಕುವಾಗ ಅಪ್‌ಗ್ರೇಡ್‌ಗೆ ಸೊನ್ನೆ ಹಾಕಿ. ಬಂದರೆ ಸಂತೋಷ. ಬುಕ್ ಮಾಡುವ ಮೂಲ ರೂಮೇ ನಿಮಗೆ ಒಪ್ಪಿಗೆ ಇರಬೇಕು.

ಇನ್ನು ಅಕ್ಕ ಕೇಳಬೇಕಾದದ್ದು. ಯಾವ ಜಾಲ ಅಥವಾ ಏರ್ಪಾಡಿನಲ್ಲಿ ಬುಕ್ ಮಾಡುತ್ತೀರಿ ಅಂತ ಹೆಸರು ಕೇಳಿ. ಹೋಟೆಲಿನಿಂದ ಬರುವ ಕನ್ಫರ್ಮೇಶನ್ ಪತ್ರದಲ್ಲಿ ತಿಂಡಿ, ಕ್ರೆಡಿಟ್ ಎರಡೂ ಬರಹದಲ್ಲಿ ಇರಬೇಕು. ಬರೀ ವಾಟ್ಸ್ಆ್ಯಪ್ ಮೆಸೇಜ್ ಸಾಲದು. ಕ್ರೆಡಿಟ್ ಊಟಕ್ಕೆ ನಡೆಯುತ್ತದಾ, ಸ್ಪಾಗೆ ಮಾತ್ರವಾ ಅಂತ ಕೇಳಿ. ದುಡ್ಡು ಯಾರಿಗೆ ಅನ್ನುವುದು ಮುಖ್ಯ. ಇಂಥ ಬುಕಿಂಗ್‌ನಲ್ಲಿ ಸಾಮಾನ್ಯವಾಗಿ ಕಾರ್ಡ್ ನಂಬರ್ ಗ್ಯಾರಂಟಿಗೆ ಕೊಟ್ಟು, ಹೊರಡುವಾಗ ಹೋಟೆಲಿಗೇ ನೇರ ಪಾವತಿ ಮಾಡುತ್ತೀರಿ. ಮಾಲ್ಡೀವ್ಸ್ ರೆಸಾರ್ಟ್‌ನಂಥ ಕಡೆ ಮುಂಗಡ ಕೇಳುತ್ತಾರೆ, ಅದು ಬೇರೆ. ಸಿಂಗಪುರದ ಹೋಟೆಲಿಗೆ ಪೂರ್ತಿ ದುಡ್ಡನ್ನು ಅಡ್ವೈಸರ್ ತನ್ನ ಸ್ವಂತ ಖಾತೆಗೆ ಹಾಕಿಸಿಕೊಂಡರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಸಂಪಿಗೆ_ಮೈಸೂರು

ತುಂಬಾ ಥ್ಯಾಂಕ್ಸ್. ಬರಹದಲ್ಲಿ ಕೇಳಬೇಕು ಅನ್ನುವುದು ಗೊತ್ತೇ ಇರಲಿಲ್ಲ. ಇನ್ನೊಂದು ಪ್ರಶ್ನೆ. ವಿದೇಶ ಪ್ರವಾಸಕ್ಕೆ ಟಿಸಿಎಸ್ ಅಂತ ದುಡ್ಡು ಕಟ್ಟುವಾಗಲೇ ತೆರಿಗೆ ಹಿಡಿಯುತ್ತಾರಂತಲ್ಲ, ಅದು ಇದಕ್ಕೂ ಬರುತ್ತದಾ?

ಸರಸ್ವತಿಪುರಂ_ಲೆಕ್ಕ

ಬರೀ ಹೋಟೆಲ್ ಬುಕಿಂಗ್ ಆದರೆ ಅದು ಪ್ರವಾಸದ ಪ್ಯಾಕೇಜ್ ಆಗುವುದಿಲ್ಲ. 2023ರ ಜೂನ್‌ನಲ್ಲಿ ಕೇಂದ್ರದ ನೇರ ತೆರಿಗೆ ಮಂಡಳಿ (ಸಿಬಿಡಿಟಿ) ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟ ಮಾಡಿದೆ. ವಿಮಾನದ ಟಿಕೆಟ್, ಹೋಟೆಲು, ಅಂಥದ್ದೇ ಬೇರೆ ಖರ್ಚು, ಇವುಗಳಲ್ಲಿ ಕನಿಷ್ಠ ಎರಡು ಸೇರಿದರೆ ಮಾತ್ರ ಪ್ಯಾಕೇಜ್. ಟಿಕೆಟ್ ಒಂದು ಕಡೆ, ಹೋಟೆಲ್ ಇನ್ನೊಂದು ಕಡೆ ತಗೊಂಡು ಹೋಟೆಲಿಗೆ ಅಲ್ಲೇ ಕಾರ್ಡ್ ಕೊಟ್ಟರೆ ಈ ತಲೆನೋವು ಇಲ್ಲ. ಪ್ಯಾಕೇಜ್ ತಗೊಂಡರೂ ಆ ದುಡ್ಡು ಮುಳುಗುವುದಿಲ್ಲ. ರಿಟರ್ನ್ಸ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸ್ ಬರುತ್ತದೆ. ಅದರ ದರ, ಮಿತಿ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತಿದೆ. ಬುಕ್ ಮಾಡುವ ದಿನದ ದರ ನೋಡಿಕೊಳ್ಳಿ.

ಇದಕ್ಕಿಂತ ದೊಡ್ಡ ತೂತು ಕಾರ್ಡಿನಲ್ಲಿದೆ. ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಖರ್ಚಿಗೆ ಶೇ 3.5 ಮಾರ್ಕಪ್, ಅಂದರೆ ಹೆಚ್ಚುವರಿ ಶುಲ್ಕ, ಹಾಕುತ್ತವೆ, ಅದರ ಮೇಲೆ ಶೇ 18 ಜಿಎಸ್‌ಟಿ. ಸೇರಿ ಶೇ 4.13. ನಿಮ್ಮ 1,870 ಡಾಲರ್‌ಗೆ 77 ಡಾಲರ್ ಹೀಗೇ ಹೋಗುತ್ತದೆ! ನೂರು ಡಾಲರ್ ಕ್ರೆಡಿಟ್‌ನ ಅರ್ಧಕ್ಕಿಂತ ಹೆಚ್ಚು. ಮಾರ್ಕಪ್ ಕಡಿಮೆ ಇರುವ ಅಥವಾ ಇಲ್ಲದ ಕಾರ್ಡ್ ಮನೆಯಲ್ಲಿ ಯಾರ ಹತ್ತಿರವಾದರೂ ಇದೆಯಾ ಅಂತ ಮೊದಲು ನೋಡಿ. ಹೋಟೆಲಿನ ಕೌಂಟರಿನಲ್ಲಿ ಮಿಷನ್ ರೂಪಾಯಿಯಲ್ಲಿ ಕೊಡುತ್ತೀರಾ, ಅಲ್ಲಿನ ಡಾಲರ್‌ನಲ್ಲಿ ಕೊಡುತ್ತೀರಾ ಅಂತ ಕೇಳಿದರೆ ಡಾಲರ್ ಅನ್ನೇ ಒತ್ತಬೇಕು. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಇನ್ನಷ್ಟು ದುಡ್ಡು ಹೋಗುತ್ತದೆ. ಅಪ್ಪನಿಗೆ ಇದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ.

ನಿವೃತ್ತ_ಮೇಷ್ಟ್ರು

ಚರ್ಚೆ ಓದಿ ಸಂತೋಷವಾಯಿತು. ವಯಸ್ಸಾದವರ ಕಡೆಯಿಂದ ನನ್ನದೊಂದು ಮಾತು ಸೇರಿಸುತ್ತೇನೆ ತಾಯಿ.

ಬೆಂಗಳೂರಿನಿಂದ ಸಿಂಗಪುರಕ್ಕೆ ರಾತ್ರಿ ವಿಮಾನ ಹತ್ತಿದರೆ ಬೆಳಗಿನ ಜಾವ ಇಳಿಯುತ್ತಾರೆ. ನಾಲ್ಕೂವರೆ ಗಂಟೆಯ ಪ್ರಯಾಣ, ಜೊತೆಗೆ ಎರಡೂವರೆ ಗಂಟೆ ಗಡಿಯಾರ ಮುಂದೆ. ಅದಕ್ಕೂ ಮುಂಚೆ ಮೈಸೂರಿನಿಂದ ಫ್ಲೈಬಸ್‌ನಲ್ಲೋ ಕಾರಿನಲ್ಲೋ ದೇವನಹಳ್ಳಿಯವರೆಗೆ ಹೋಗಿರಬೇಕು. ನಿದ್ದೆ ಇಲ್ಲ, ಮಂಡಿ ನೋವು, ಬಿ.ಪಿ. ಮಾತ್ರೆ ನುಂಗುವ ಹೊತ್ತು. ಹೋಟೆಲಿಗೆ ಎಂಟು ಗಂಟೆಗೆ ಹೋದರೆ ಚೆಕ್ ಇನ್ ಮಧ್ಯಾಹ್ನ ಮೂರಕ್ಕೆ ಅನ್ನುತ್ತಾರೆ. ಲಾಬಿಯ ಸೋಫಾದಲ್ಲಿ ಏಳು ಗಂಟೆ ಕೂರುವುದು ನಮ್ಮ ವಯಸ್ಸಿಗೆ ಶಿಕ್ಷೆ. ನಾನೂ ನನ್ನ ಮನೆಯವರೂ ಹಾಗೆ ಕೂತಿದ್ದೇವೆ. ಊರು ನೋಡುವ ಉತ್ಸಾಹವೇ ಆ ದಿನ ಉಳಿಯಲಿಲ್ಲ.

ಬೇಗ ಚೆಕ್ ಇನ್ ಎಂಬ ಸವಲತ್ತು ಇದ್ದರೂ ಅದು ರೂಮು ಖಾಲಿ ಇದ್ದರೆ ಮಾತ್ರ. ಅದನ್ನು ನಂಬಿ ಕೂರಬೇಡಿ. ಹಗಲಿನ ವಿಮಾನ ಸಿಕ್ಕಿದರೆ ಅದನ್ನೇ ಹಿಡಿಯಿರಿ. ಇಲ್ಲವಾದರೆ ಬೇಗ ರೂಮು ಕೊಡಲು ಎಷ್ಟು ತಗೊಳ್ಳುತ್ತೀರಿ ಎಂದು ಹೋಟೆಲಿಗೆ ಅಡ್ವೈಸರ್ ಮೂಲಕವೇ ಮೊದಲೇ ಕೇಳಿಸಿ. ಆ ದುಡ್ಡು ಕೊಡುವುದು ವ್ಯರ್ಥವಲ್ಲ.

ಹೋಟೆಲಿನ ತಿಂಡಿಯ ಬಗ್ಗೆ ಲೆಕ್ಕದವರು ತೊಂಬತ್ತು ಡಾಲರ್ ಎಂದರು. ನಾನು ಸ್ವಲ್ಪ ಹೆಚ್ಚು ಬೆಲೆ ಕಟ್ಟುತ್ತೇನೆ. ಸಕ್ಕರೆ ಕಾಯಿಲೆ ಇದ್ದವರಿಗೆ ಎದ್ದ ಕೂಡಲೇ ಲಿಫ್ಟಿನಲ್ಲಿ ಇಳಿದು ತಿಂಡಿ ತಿನ್ನುವುದಕ್ಕೂ, ಗೊತ್ತಿಲ್ಲದ ಊರಿನಲ್ಲಿ ರೈಲು ಹಿಡಿದು ಇಡ್ಲಿ ಹುಡುಕುವುದಕ್ಕೂ ಬಹಳ ವ್ಯತ್ಯಾಸ ಇದೆ. ಬ್ರೆಡ್ಡು, ಹಣ್ಣು, ಮೊಸರು, ಹಾಲು ಇದ್ದೇ ಇರುತ್ತವೆ. ಇಷ್ಟಾದರೆ ನಮಗೆ ಬೆಳಿಗ್ಗೆಗೆ ಸಾಕು. ಮಧ್ಯಾಹ್ನ ಸೆರಂಗೂನ್ ರಸ್ತೆಯಲ್ಲಿ ಊಟ ಮಾಡಲಿ.

ಸರಸ್ವತಿಪುರಂ_ಲೆಕ್ಕ

ಮೇಷ್ಟ್ರೇ, ಒಪ್ಪಿಕೊಂಡೆ. ಹಿರಿಯರಿಗೆ ಆ ತಿಂಡಿಯ ಬೆಲೆ ಖಂಡಿತ 90ಕ್ಕಿಂತ ಜಾಸ್ತಿ.

ಕಾರಂಜಿ_ಕೆರೆ

ನನ್ನ ಅನುಭವ ಎರಡು ಬಗೆ. ಪ್ಯಾರಿಸ್‌ನ ಹೋಟೆಲ್ ಒಂದರಲ್ಲಿ ಕ್ರೆಡಿಟ್ ಅಂತ ಹೇಳಿದ್ದು ಸ್ಪಾಗೆ ಮಾತ್ರ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು. ನಮಗೆ ಸ್ಪಾ ಬೇಕಿರಲಿಲ್ಲ. ಅಪ್‌ಗ್ರೇಡ್ ಕೂಡ ಸಿಗಲಿಲ್ಲ. ಕೊಟ್ಟ ರೂಮು ಲಿಫ್ಟಿನ ಪಕ್ಕದಲ್ಲಿತ್ತು. ರಾತ್ರಿಯಿಡೀ ಅದರ ಗರ್ ಅನ್ನುವ ಸದ್ದು, ಬಾಗಿಲು ತೆರೆದಾಗಲೆಲ್ಲ ಟಿಂಗ್ ಅಂತ ಗಂಟೆ. ರಿಸೆಪ್ಷನ್‌ನಲ್ಲಿ ಹೇಳಿದರೆ ಹೋಟೆಲ್ ತುಂಬಿದೆ ಅಂದರು.

ಅಡ್ವೈಸರ್‌ಗೆ ಮೆಸೇಜ್ ಹಾಕಿದೆ. ಅವರು ರಿಸೆಪ್ಷನ್ ಬಿಟ್ಟು ಹೋಟೆಲಿನ ಸೇಲ್ಸ್ ಮ್ಯಾನೇಜರಿಗೆ ಬರೆದರು. ಮಾರನೇ ದಿನ ನಾವು ತಿಂಡಿ ಮುಗಿಸುವಷ್ಟರಲ್ಲಿ ಒಳ ಅಂಗಳದ ಕಡೆಗೆ ಬೇರೆ ರೂಮು ಸಿದ್ಧವಾಗಿತ್ತು. ಕ್ರೆಡಿಟ್ಟನ್ನೂ ಊಟಕ್ಕೆ ಬದಲಾಯಿಸಿ ಕೊಟ್ಟರು. ವರ್ಷವಿಡೀ ಗಿರಾಕಿ ಕಳಿಸುವವರ ಮಾತನ್ನು ಹೋಟೆಲ್ ಕೇಳುತ್ತದೆ. ಒಂದು ಸಲ ಬಂದು ಹೋಗುವ ನಮ್ಮ ಮಾತಿಗೆ ಆ ತೂಕ ಇಲ್ಲ. ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ಕಸ್ಟಮರ್ ಕೇರ್ ನಂಬರ್ ಒತ್ತುತ್ತಾ ಕೂರಬೇಕಿತ್ತು. ನಾನು ಮುಂದಕ್ಕೂ ಅಡ್ವೈಸರ್ ಹತ್ತಿರವೇ ಹೋಗುತ್ತೇನೆ ಅಂದರೆ ಕಾರಣ ಇದೊಂದೇ. ತಿಂಡಿಗೋಸ್ಕರ ಅಲ್ಲ.

ಹೆಬ್ಬಾಳ್_ಹುಡುಗ

ತಡವಾಗಿ ಚೆಕ್ ಔಟ್ ಖಾತ್ರಿ ಬೇಕು ಅನ್ನುವವರಿಗೆ ಒಂದು ಮಾಹಿತಿ. ಅಮೆರಿಕನ್ ಎಕ್ಸ್‌ಪ್ರೆಸ್ ಪ್ಲಾಟಿನಂ ಕಾರ್ಡಿನ ಫೈನ್ ಹೋಟೆಲ್ಸ್ ಅಂಡ್ ರೆಸಾರ್ಟ್ಸ್ ಅನ್ನುವ ಏರ್ಪಾಡಿನಲ್ಲಿ ಬುಕ್ ಮಾಡಿದರೆ ಸಂಜೆ 4ರವರೆಗೆ ರೂಮು ಖಚಿತ. ಅಡ್ವೈಸರ್ ದಾರಿಯಲ್ಲಿ ಅದು ಸಾಮಾನ್ಯವಾಗಿ ಖಾಲಿ ಇದ್ದರೆ ಮಾತ್ರ. ತಿಂಡಿ, ಕ್ರೆಡಿಟ್ ಇಲ್ಲೂ ಇದೆ. ಆದರೆ ಕಾರ್ಡಿನ ವಾರ್ಷಿಕ ಶುಲ್ಕವೇ 60,000 ರೂಪಾಯಿಯ ಮೇಲೆ, ಜಿಎಸ್‌ಟಿ ಬೇರೆ. ಮೊದಲೇ ಕಾರ್ಡ್ ಇದ್ದವರು ಹೋಲಿಸಿ ನೋಡಿ. ಇದಕ್ಕಾಗಿ ಹೊಸದಾಗಿ ಮಾಡಿಸಬೇಡಿ.

ಟಿಕೆಟ್_ಟೇಬಲ್

ಅಕ್ಕ, ಒಂದು ಮರೆತಿದ್ದೆ. ಮೂರು ರಾತ್ರಿ ಇದ್ದರೆ ಇಷ್ಟು ಕಡಿಮೆ, ನಾಲ್ಕನೇ ರಾತ್ರಿ ಉಚಿತ, ಹೀಗೆ ಹೋಟೆಲಿನವರೇ ಆಗಾಗ ಆಫರ್ ಹಾಕುತ್ತಾರೆ. ಬಹಳ ಸಲ ಅದರ ಮೇಲೂ ಅಡ್ವೈಸರ್ ಸವಲತ್ತು ಸೇರುತ್ತದೆ. ನೀವು ಕೇಳದಿದ್ದರೆ ಕೆಲವರು ಹೇಳುವುದಿಲ್ಲ, ಯಾಕೆಂದರೆ ಬಾಡಿಗೆ ಇಳಿದರೆ ಕಮಿಷನ್ ಕೂಡ ಇಳಿಯುತ್ತದೆ. ಬಾಯಿ ಬಿಟ್ಟು ಕೇಳಿ.

ಸಂಪಿಗೆ_ಮೈಸೂರು

ಕೇಳಿದೆ! ಮೂರು ರಾತ್ರಿಗೆ ಶೇ 15 ಕಡಿಮೆ ಮಾಡುವ ಆಫರ್ ಹೋಟೆಲಿನಲ್ಲೇ ಇತ್ತಂತೆ. ರಾತ್ರಿಗೆ 442 ಆಯಿತು. ಎಲ್ಲ ಸೇರಿ 1,590 ಸಿಂಗಪುರ ಡಾಲರ್. ಆ್ಯಪ್‌ಗಿಂತ ಕಡಿಮೆ. ತಿಂಡಿ, ಕ್ರೆಡಿಟ್ ಹಾಗೇ ಇವೆ. ಮೂರು ದಿನ ಮುಂಚೆ ತಿಳಿಸಿದರೆ ಕ್ಯಾನ್ಸಲ್ ಕೂಡ ಮಾಡಬಹುದು. ಕ್ರೆಡಿಟ್ ಊಟಕ್ಕೂ ನಡೆಯುತ್ತದೆ ಅಂತ ಹೋಟೆಲಿನ ಪತ್ರದಲ್ಲೇ ಬರೆಸಿಕೊಂಡಿದ್ದೇನೆ. ಮೇಷ್ಟ್ರು ಹೇಳಿದ ಹಾಗೆ ಹಗಲಿನ ವಿಮಾನ ನೋಡುತ್ತಿದ್ದೇವೆ. ಲಿಫ್ಟಿನಿಂದ ದೂರದ ರೂಮು ಬೇಕು ಅಂತ ಕೂಡ ಸೇರಿಸಿದೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಗುತ್ತಲು_ರಸ್ತೆ

ಒಳ್ಳೆಯದಾಯಿತು ಮೇಡಂ. ಟಿಕೆಟ್_ಟೇಬಲ್ ಅವರೇ, ನಾವು ಬಾಲಿಗೆ ಹೋಗುವ ಯೋಚನೆಯಲ್ಲಿದ್ದೇವೆ. ನಾಲ್ಕು ಜನಕ್ಕೆ ಒಂದು ವಿಲ್ಲಾ, ರಾತ್ರಿಗೆ 120 ಡಾಲರ್ ಆಸುಪಾಸು. ಅದಕ್ಕೂ ಅಡ್ವೈಸರ್ ಹುಡುಕಬೇಕಾ?

ಟಿಕೆಟ್_ಟೇಬಲ್

ಬೇಡ ಅಣ್ಣ. ಆ ಬೆಲೆಯ ವಿಲ್ಲಾಗಳು ಈ ಜಾಲಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ್ಯಪ್‌ನಲ್ಲಿ ರಿವ್ಯೂ ಓದಿ, ಆಮೇಲೆ ವಿಲ್ಲಾದವರಿಗೇ ನೇರ ಮೇಲ್ ಹಾಕಿ. ಆ್ಯಪ್‌ಗೆ ಕೊಡುವ ಕಮಿಷನ್ ಉಳಿಯುವುದರಿಂದ ದರದಲ್ಲೋ ಏರ್‌ಪೋರ್ಟ್ ಕಾರಿನಲ್ಲೋ ಏನಾದರೂ ಬಿಡುತ್ತಾರೆ. ಬಾಲಿಯಲ್ಲಿ ತೆರಿಗೆ, ಸರ್ವಿಸ್ ಸೇರಿ ಶೇ 21ರವರೆಗೆ ಹಾಕುತ್ತಾರೆ, ಹೇಳಿದ ದರದಲ್ಲಿ ಅದು ಸೇರಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಇದೆಯಾ ಅಂತಲೂ ಕೇಳಿ. ಉಪ್ಪಿಟ್ಟು ಆಗಬೇಕಲ್ಲ.